ಹಳದಿ ಮೂಲೆಯ ಕೌದಿ

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ತಲೆ ತುಂಬ ಕರೀ ಕೂದಲು. ಯಾರ ಮೇಲೋ ಸಿಟ್ಟಾದವರ ಹಾಗೆ ಮುಷ್ಟಿ ಬಿಗಿಹಿಡಿದು ಮಲಗುತ್ತಾಳೆ. ಅತ್ತರೆ ನಮ್ಮ ಚಾಳಿನ ಸಾಲುಮನೆಗಳಲ್ಲಿ ಆ ತುದಿಯ ಖೋಲಿಯವರೆಗೂ ಕೇಳಿಸುತ್ತದೆ. ಅಳಲಿ, ಕುರ್ಲಾ ಸ್ಟೇಷನ್ನಿನವರೆಗೂ ಕೇಳಿಸಲಿ, ಯಾರು ಬೇಡ ಅಂದರು? ನನ್ನ ಮಗ ಮಲ್ಲು, ಸೊಸೆ ಸವಿತಾ ಇಬ್ಬರೂ ಈ ಅಳುವಿಗೆ ವರ್ಷಗಟ್ಟಲೆ ಕಿವಿಗೊಟ್ಟು ಕೂತವರು. ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ನಿಂತಿತು, ಉಳಿಯಿತು, ಈಗ ನನ್ನ ತೊಡೆಯ ಮೇಲೆ ಮಲಗಿ ಸೀರೆ ತೋಯಿಸುತ್ತಿದೆ. ನನಗಿಂತ ಸುಖವಂತರು ಈ ಮುಂಬಯಿಯಲ್ಲಿ ಯಾರಿದ್ದಾರೆ, ಹೇಳ್ರಿ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಕ್ಷರ ಬರುತ್ತದೆ, ಆದರೆ ಬರೆಯುವ ರೂಢಿ ಇಲ್ಲ. ಸವಿತಾ, “ನೀವು ನೋಡಿದ್ದನ್ನ ನೀವೇ ಬರೀರಿ ಅತ್ತಿ, ನಾ ಬರೆದ್ರ ಕಥಿ ಕಟ್ಟ್ಯಾಳ ಅಂತಾರ” ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ದೆವ್ವ, ಶಕುನದಂಥ ಸಂಗತಿಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಬಿಜಾಪುರದ ಕಡೆಯಿಂದ ನಾನು, ನಮ್ಮ ಮನೆಯವರು ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಬೊರಿವಲಿಯ ಕಡೆ ಕಟ್ಟುತ್ತಿದ್ದ ಬಿಲ್ಡಿಂಗುಗಳಲ್ಲೇ ಇರುತ್ತಿದ್ದೆವು, ಕಿಟಕಿ ಬಾಗಿಲು ಕೂಡಿಸುವ ಮೊದಲೇ. ಮೇಲಿನ ಮಾಳಿಗೆಯಲ್ಲಿ ಹೆಣ್ಣೊಬ್ಬಳು ಓಡಾಡುತ್ತಾಳೆ ಅಂತ ಒಮ್ಮೆ ಗದ್ದಲವೆದ್ದಿತು. ಗಂಡಸರೆಲ್ಲ ಕೆಳಗೆ ನಿಂತು ಮೇಲೆ ನೋಡಿದರು. ನಾನು ಹತ್ತಿಹೋಗಿ ನೋಡಿದರೆ ಸಿಮೆಂಟಿನ ಖಾಲಿ ಚೀಲ ಗಾಳಿಗೆ ಹಾರಾಡುತ್ತಿತ್ತು. ಅದನ್ನೇ ಹೊದ್ದುಕೊಂಡು ಕೆಳಗಿಳಿದು ಬಂದೆ, ಅರ್ಧ ಜನ ಓಡಿಹೋದರು. ಶಕುನ, ಕನಸು, ಮುನ್ಸೂಚನೆ ಅಂತ ಯಾರಾದರೂ ಬಂದು ಹೇಳಿದರೆ ಚಹಾ ಕುಡಿಸಿ ಕಳಿಸುತ್ತಿದ್ದೆ. ಈಗ ಆ ಸಾಲಿನಲ್ಲಿ ನಾನೇ ನಿಂತಿದ್ದೇನೆ. ನೀವು ನನಗೂ ಚಹಾ ಕುಡಿಸಿ ಕಳಿಸಬಹುದು.

ಮನೆಯವರು ತೀರಿಹೋದ ಮೇಲೆ, ಮೊಣಕಾಲು ನೋವಿನಿಂದ ಹೊರಗಿನ ಕೆಲಸ ಬಿಟ್ಟು ಕೌದಿ ಹೊಲಿಯುತ್ತಾ ಕೂತೆ. ಹಳೆಯ ಸೀರೆ, ಧೋತರ, ಅಂಗಿ ಹರಿದು ಚೂರು ಚೂರು ಜೋಡಿಸಿ ಕೈಯಿಂದ ಹೊಲಿಯುವ ಹೊದಿಕೆ ಅದು. ಸವಿತಾ ಬಿ.ಎ. ಓದಿದವಳು. ನಾನು ಹೊಲಿದ ಪ್ರತಿ ಕೌದಿಯ ಫೋಟೋ ತೆಗೆದು ತನ್ನ ಬ್ಲಾಗಿನಲ್ಲಿ ಹಾಕುತ್ತಾಳೆ; ಇದು ಯಾರ ಸೀರೆ, ಇದು ಯಾವ ಹಬ್ಬದ್ದು ಅಂತ ಕೆಳಗೆ ಬರೆಯುತ್ತಾಳೆ. ಕೌದಿಗಳು ಯಾರ್ಯಾರದೋ ಮನೆಗೆ ಹೋಗಿಬಿಡುತ್ತವೆ, ಫೋಟೋ ಮಾತ್ರ ನಮಗೆ ಉಳಿಯುತ್ತದೆ. ಮಧ್ಯಾಹ್ನ ಬೇಸರವಾದಾಗ ನಾನು ಮೊಬೈಲಿನಲ್ಲಿ ಆ ಬ್ಲಾಗ್ ತೆರೆದು ನನ್ನ ಕೌದಿಗಳನ್ನು ನೋಡುತ್ತಾ ಕೂರುತ್ತೇನೆ, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳನ್ನು ನೆನೆದ ಹಾಗೆ.

ಕೂಸಿನ ಕೌದಿಗೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕೂಸು ಹುಟ್ಟುವ ತನಕ ಅದರ ಒಂದು ಮೂಲೆಯನ್ನು ಮುಚ್ಚುವುದಿಲ್ಲ, ಬಾಯಿ ತೆರೆದು ಹಾಗೇ ಬಿಡುತ್ತೇವೆ. ಹುಟ್ಟಿದ ಮೇಲೆ, ಕೂಸನ್ನು ಮೊಟ್ಟಮೊದಲು ಯಾವ ಬಟ್ಟೆಯಲ್ಲಿ ಸುತ್ತಿದರೋ ಅದರಿಂದಲೇ ಒಂದು ಚೂರು ಕತ್ತರಿಸಿ, ಒಳಗೆ ಹೋಳಿಗೆಯ ತುಣುಕು ಇಟ್ಟು, ಆ ಮೂಲೆ ಹೊಲಿಯುತ್ತೇವೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತೇವೆ. ಆಮೇಲೆ ಮನೆಮಂದಿಯೆಲ್ಲ ಆ ಕೌದಿಯ ಸುತ್ತ ಕೂತು ಉಣ್ಣಬೇಕು. ಮೂಲೆ ಮುಚ್ಚುವ ಮೊದಲು ಅದರ ಹತ್ತಿರ ತಟ್ಟೆ ತರುವಂತಿಲ್ಲ. ಹಾಗೇ ಹುಟ್ಟುವ ಮೊದಲು ಈ ಕೌದಿಯೊಂದನ್ನು ಬಿಟ್ಟು ಕೂಸಿಗಂತ ಒಂದು ಚಿಂದಿ ಬಟ್ಟೆಯನ್ನೂ ತೆಗೆದಿಡುವಂತಿಲ್ಲ. ಎರಡು ಸಲ ಕೈ ಸುಟ್ಟುಕೊಂಡವರಲ್ಲವೇ ನಾವು, ಈ ಸಲ ಇದನ್ನೆಲ್ಲ ಬಹಳ ಬಿಗಿಯಾಗಿ ಪಾಲಿಸಿದೆವು.

ಸವಿತಾಳ ತಿಂಗಳು ತುಂಬುತ್ತಾ ಬಂದಾಗ ಕೌದಿ ಮೂರು ಮೂಲೆಗೆ ಮುಗಿದಿತ್ತು. ನಡುವೆ ನಮ್ಮ ಮನೆಯವರ ಬಿಳಿ ಧೋತರ, ಸುತ್ತ ನನ್ನ ಹಸಿರು ಇಳಕಲ್ ಸೀರೆ, ಅಂಚಿಗೆ ಮಲ್ಲುವಿನ ಶಾಲೆಯ ಖಾಕಿ ಚಡ್ಡಿ. ತೆರೆದ ಮೂಲೆಯ ಸಮೇತ ಸವಿತಾ ಅದರ ಫೋಟೋ ಬ್ಲಾಗಿಗೆ ಹಾಕಿದಳು. ನೋವು ಶುರುವಾದ ಬೆಳಿಗ್ಗೆ ರಿಕ್ಷಾ ಹತ್ತುವಾಗ ನನ್ನ ಕೈ ಹಿಡಿದು, “ಅತ್ತಿ, ಅಂಜಿಕಿ ಬಂದಾಗೊಮ್ಮೆ ಆ ಫೋಟೋ ನೋಡ್ರಿ. ನಾನೂ ಅಲ್ಲಿಂದ ಅದನ್ನೇ ನೋಡ್ತಿರ್ತೀನಿ. ಇಬ್ರೂ ಕೂಡೇ ಇದ್ದಂಗ ಆಗ್ತೈತಿ” ಅಂದಳು. ಸಾಂತಾಕ್ರೂಜ್ ಕಡೆಯ ಆಸ್ಪತ್ರೆ, ಜೊತೆಗೆ ಒಬ್ಬರನ್ನೇ ಬಿಡುತ್ತಾರೆ. ಮಲ್ಲು ತನ್ನ ಲಿಫ್ಟ್ ರಿಪೇರಿ ಕೆಲಸಕ್ಕೆ ರಜೆ ಹಾಕಿ ಹೋದ. ನಾನು ಮನೆಯಲ್ಲಿ ಉಳಿದೆ.

ನನ್ನ ಜೊತೆಗಿರಲಿ ಅಂತ ಮಗಳು ಶಾಂತಾ ತನ್ನ ಮಗಳು ನೇತ್ರಾಳನ್ನು ಬೊರಿವಲಿಯಿಂದ ಕಳಿಸಿದ್ದಳು. ನೇತ್ರಾ ಕಾಲೇಜು ಓದುವ ಹುಡುಗಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ಅವಳೂ ಹಾಗೇ ಕರೆಯುತ್ತಾಳೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ, ಹೀಗಾಗಿ ಚಾಳಿಗೆ ಹೊಸದಾಗಿ ಬಂದವರು ಇವಳು ನನ್ನ ಮಗಳೇ ಅಂತ ತಿಳಿಯುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ, ವಯಸ್ಸು ಕಡಿಮೆಯಾದರೆ ಯಾರಿಗೆ ಬೇಡ? ಅವಳ ಕನ್ನಡ ಅರ್ಧ ಹಿಂದಿ, ಅರ್ಧ ನಗು. ಮನಸ್ಸು ಮಾತ್ರ ಬಂಗಾರ.

ಹತ್ತಾಯಿತು, ಹನ್ನೊಂದಾಯಿತು, ಸುದ್ದಿ ಇಲ್ಲ. ಅಂಜಿಕೆಯಾಯಿತು. ಸವಿತಾ ಹೇಳಿದ ಹಾಗೆ ಮೊಬೈಲ್ ತೆಗೆದು ಬ್ಲಾಗ್ ತೆರೆದೆ. ಅಕ್ಷರಗಳೆಲ್ಲ ಇದ್ದವು, ಫೋಟೋ ಒಂದೂ ಇರಲಿಲ್ಲ. ಫೋಟೋ ಇರಬೇಕಾದಲ್ಲಿ ಬೂದುಬಣ್ಣದ ಚೌಕಗಳು. ಕೆಳಗೆ ಕೆಳಗೆ ಹೋದೆ, ಎಲ್ಲ ಕಡೆ ಅದೇ. ನನ್ನ ಒಂದೊಂದು ಕೌದಿಯ ಜಾಗದಲ್ಲೂ ಒಂದೊಂದು ಬೂದಿ ಚೌಕ. ಕೂಸಿನ ಕೌದಿಯ ಜಾಗದಲ್ಲೂ.

ನಾನು ನಂಬುವವಳಲ್ಲ ಅಂದೆನಲ್ಲ, ನೋಡ್ರಿ, ಆದರೂ ಅಪಶಕುನವೇ ಅನ್ನಿಸಿಬಿಟ್ಟಿತು. ಇಷ್ಟು ದಿನ ಇದ್ದದ್ದು ಇವತ್ತೇ ಯಾಕೆ ಹೋಗಬೇಕು? ಅಷ್ಟರಲ್ಲಿ ಸವಿತಾಳ ಮೆಸೇಜ್ ಬಂತು: “ಅತ್ತಿ, ಫೋಟೋ ಎಲ್ಲಿ ಹೋತು?” ನೋವಿನ ನಡುವೆ ಅವಳೂ ತೆರೆದು ನೋಡಿದ್ದಾಳೆ, ಅವಳಿಗೂ ಬೂದಿ ಚೌಕವೇ ಕಂಡಿದೆ. ಮೊಬೈಲನ್ನು ನೇತ್ರಾಳ ಮುಂದೆ ಹಿಡಿದೆ.

“ಟೆನ್ಶನ್ ಮತ್ ಲೋ ಆಯಿ, ನಾನು ನೋಡ್ತೆ” ಅಂತ ನೇತ್ರಾ ಸವಿತಾಳ ಲ್ಯಾಪ್‌ಟಾಪ್ ಎಳೆದುಕೊಂಡಳು. ಮೊದಲು ನನ್ನ ಮೊಬೈಲ್ ತಗೊಂಡು ಅದರಲ್ಲಿ ಸೇರಿಕೊಂಡಿದ್ದ ಹಳೆಯ ನಕಲುಗಳನ್ನೆಲ್ಲ ಅಳಿಸಿದಳು. ಹಳೆಯದು ಕೂತಿದ್ದರೆ ಹೊಸದು ಬರುವುದಿಲ್ಲವಂತೆ. “ಈಗ ನಿಮ್ಮ ಮೊಬೈಲ್ ಏಕ್‌ದಮ್ ಖಾಲಿ. ಕುಛ್ ಭೀ ಇಲ್ಲ ಅದರಲ್ಲಿ” ಅಂದಳು. ಈ ಮಾತು ನೆನಪಿಡಿ, ಆಮೇಲೆ ಬೇಕಾಗುತ್ತದೆ. ಖಾಲಿ ಮಾಡಿದರೂ ಫೋಟೋ ಬರಲಿಲ್ಲ. ಅವಳು ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತುವುದು, ನಾನು ಮೊಬೈಲಿನಲ್ಲಿ ಮತ್ತೆ ಮತ್ತೆ ತೆರೆದು ಬಂತೋ ಇಲ್ಲವೋ ಹೇಳುವುದು, ಹೀಗೆ ನಡೆಯಿತು. “ಬಂತಾ ಆಯಿ?” “ಇಲ್ಲವ್ವಾ.” “ಅಬ್?” “ಇಲ್ಲ.” ಕೂಸಿನ ಕೌದಿ ನನ್ನ ತೊಡೆಯ ಮೇಲೇ ಇತ್ತು. ಸುಮ್ಮನೆ ಕೂರಲಾಗದೆ ತೆರೆದ ಮೂಲೆಯೊಳಗೆ ಬೆರಳಿಟ್ಟು ಹೊರಳಿಸುತ್ತಿದ್ದೆ.

ಬಹಳ ಹೊತ್ತು ಕೆದಕಿದ ಮೇಲೆ ಅವಳಿಗೆ ಕಾರಣ ಸಿಕ್ಕಿತು. ಬ್ಲಾಗಿನ ವಿಳಾಸವನ್ನು ಯಾರೋ ಬದಲಿಸಿದ್ದರು; ಹಳೆಯದನ್ನು ಒತ್ತಿದರೂ ಹೊಸದೇ ತೆರೆಯುತ್ತಿದ್ದುದರಿಂದ ನಮಗೆ ತಿಳಿದಿರಲಿಲ್ಲ. ಅಕ್ಷರಗಳು ಹೊಸ ವಿಳಾಸಕ್ಕೆ ಬಂದಿದ್ದವು, ಫೋಟೋಗಳನ್ನು ಮಾತ್ರ ಬ್ಲಾಗು ಇನ್ನೂ ಹಳೆಯ ವಿಳಾಸದಲ್ಲೇ ಕೇಳುತ್ತಿತ್ತು. ಹಾಗಾದರೆ ನಿನ್ನೆಯವರೆಗೆ ಹೇಗೆ ಕಾಣುತ್ತಿದ್ದವು ಅಂತ ಕೇಳಿದೆ. ಫೋಟೋ ಇರುವುದು ದೂರದ ಗೋಡೌನಿನಲ್ಲಿ ಅಂತ ತಿಳೀರಿ, ನಡುವೆ ಒಂದು ಅಂಗಡಿ ಇದೆ, ಅದು ಪ್ರತಿಯೊಂದರ ನಕಲು ಇಟ್ಟುಕೊಂಡು ಕೇಳಿದವರಿಗೆ ಬೇಗ ಕೊಡುತ್ತದೆ ಅಂದಳು. ಅದಕ್ಕೆ ಇಮೇಜ್ ಕ್ಯಾಶಿಂಗ್ ಅನ್ನುತ್ತಾರಂತೆ. ಗೋಡೌನಿನ ದಾರಿ ತಪ್ಪಿದರೂ ಅಂಗಡಿಯ ನಕಲುಗಳ ಮೇಲೆ ಇಷ್ಟು ದಿನ ನಡೆದಿದೆ. ನಕಲಿಗೆ ಒಂದು ಅವಧಿ ಇರುತ್ತದೆ, ಅದು ಇವತ್ತು ಮುಗಿದಿದೆ. ಅಂಗಡಿ ಹೊಸ ನಕಲು ತರಲು ಹೋಗಿ, ಹಳೆಯ ವಿಳಾಸದಲ್ಲಿ ಯಾರೂ ಸಿಗದೆ ಬರಿಗೈಲಿ ಬಂದಿದೆ. ಮನೆ ಬದಲಿಸಿ ಪೋಸ್ಟಮನ್‌ಗೆ ಹೇಳದೇ ಇದ್ದ ಹಾಗೆ ಅಂತ ನನಗೆ ತಿಳಿಯಿತು. ಅಪಶಕುನ ಅಲ್ಲ, ವಿಳಾಸದ ಗೊಂದಲ.

ಬದಲಿಸಿದವರು ಯಾರು? ನೇತ್ರಾ ಮಾಮನಿಗೇ ಫೋನ್ ಹಚ್ಚಿದಳು. ಆಸ್ಪತ್ರೆಯ ಗದ್ದಲದಲ್ಲಿ ಮಲ್ಲು ಸಣ್ಣ ದನಿಯಲ್ಲಿ ಒಪ್ಪಿಕೊಂಡ: ಬ್ಲಾಗಿಗೆ ಸವಿತಾಳ ಹೆಸರು ಮಾತ್ರ ಇತ್ತು, ಹೊಲಿಯುವವಳು ಅವ್ವ, ಅವಳ ಹೆಸರೂ ಇರಲಿ, ಕೂಸು ಬಂದ ಮೇಲೆ ಇಬ್ಬರಿಗೂ ತೋರಿಸೋಣ ಅಂತ ಹೋದ ವಾರ ಗುಟ್ಟಾಗಿ ವಿಳಾಸವನ್ನು ‘ಅತ್ತಿ-ಸೊಸಿ ಕೌದಿ’ ಅಂತ ಮಾಡಿ, ಮೇಲಿನ ಹೆಸರನ್ನು ಆಮೇಲೆ ಬದಲಿಸಲು ಬಿಟ್ಟಿದ್ದನಂತೆ.

“ಮಾಮಾ! ಲಿಫ್ಟ್ ರಿಪೇರಿ ಮಾಡೋರು ಲಿಫ್ಟೇ ಮಾಡಿರಿ ನಾ, ಬ್ಲಾಗ್ ಕೋ ಕ್ಯೂಂ ಹಾತ್ ಲಗಾಯಾ?” ಅಂತ ನೇತ್ರಾ ರೇಗಿದಳು.

ಮಲ್ಲು ನಗಲಿಲ್ಲ. “ಫೋನ್ ಅವ್ವಗ ಕೊಡು” ಅಂದ. ನಾನು ತಗೊಂಡೆ. “ಅವ್ವಾ, ಕೂಸಿನ ಎದಿ ಬಡಿತ ಸಣ್ಣ ಆಗೇತಂತ. ಡಾಕ್ಟರ್ ಮಂದಿ ಒಳಗ ಓಡಾಡಾಕತ್ತಾರ. ನನ್ನ ಹೊರಗ ಕಳಿಸಿದ್ರು. ದೇವ್ರ ಮುಂದ ದೀಪ ಹಚ್ಚು” ಅಂದ. ಫೋನ್ ಇಟ್ಟುಬಿಟ್ಟ.

ದೀಪ ಹಚ್ಚಿದೆ. ನೇತ್ರಾಳಿಗೆ ಹೇಳಬಾರದು ಅಂದುಕೊಂಡೆ, ಆದರೆ ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಅವಳು ಮತ್ತೆ ಕೆಲಸಕ್ಕೆ ಕೂತಳು. ಹಳೆಯ ವಿಳಾಸ ಇದ್ದಲ್ಲೆಲ್ಲ ಹೊಸದನ್ನು ಹಾಕಬೇಕಂತೆ. “ಮಾಮಿಗೆ ಫೋಟೋ ಕಾಣಬೇಕು, ಬಸ್” ಅಂದಳು. ನಾನು ಗೋಡೆಗೆ ಒರಗಿ ಕೂತೆ. ಎಡಗೈ ಕೌದಿಯ ತೆರೆದ ಮೂಲೆಯಲ್ಲಿ, ಬಲಗೈಯಲ್ಲಿ ಮೊಬೈಲ್. ಎರಡನ್ನೂ ಬಿಡಲು ಧೈರ್ಯವಿರಲಿಲ್ಲ. ಹೊರಗೆ ನಡುಮಧ್ಯಾಹ್ನದ ಬಿಸಿಲು, ನಳದ ಹತ್ತಿರ ಹೆಂಗಸರ ಮಾತು, ಲೋಕಲ್ ರೈಲು ಹೋಗುವ ಸದ್ದು, ಎಲ್ಲ ದಿನದ ಹಾಗೆಯೇ. ಎರಡು ಸಲವೂ ನಾವು ಆಸ್ಪತ್ರೆಯಿಂದ ಬರಿಗೈಲಿ ಇದೇ ಖೋಲಿಗೆ ಬಂದದ್ದು, ಸವಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು, ಬೇಡವೆಂದರೂ ಅದೇ ನೆನಪಾಗುತ್ತಿತ್ತು. ಈ ಮೂಲೆಯೂ ಹೀಗೇ ತೆರೆದು ಉಳಿದರೆ? ಈ ಕೌದಿಯನ್ನು ಎಲ್ಲಿ ಬಚ್ಚಿಡಲಿ?

ಬೆರಳು ಮತ್ತೊಮ್ಮೆ ಮೊಬೈಲಿನ ಮೇಲೆ ಆಡಿತು. ಬೂದಿ ಚೌಕ ಒಮ್ಮೆ ಮಿನುಗಿ ಫೋಟೋ ಬಂತು.

ನಮ್ಮದೇ ಕೌದಿ. ಬಿಳಿ ಧೋತರ, ಹಸಿರು ಇಳಕಲ್, ಖಾಕಿ ಅಂಚು. “ಬಂತು!” ಅಂತ ಕೂಗಿದೆ. ಕೂಗಿದ ಮೇಲೆ ಸರಿಯಾಗಿ ನೋಡಿದೆ. ಮೂಲೆ ಮುಚ್ಚಿತ್ತು. ಮುಚ್ಚಿದ ಚೂರು ಹಳದಿ ಬಣ್ಣದ್ದು, ಅದರ ತುಂಬ ಬಿಳಿ ಚುಕ್ಕಿ. ಸುತ್ತ ನನ್ನದೇ ಹೊಲಿಗೆ. ಮೂಲೆಯಲ್ಲಿ ಎರಡೆಳೆ ತಿರುಗಿಸಿ ಹಾಕುವ ನನ್ನ ಕೈಯ ಚಾಳಿ ನನಗೆ ಗೊತ್ತಾಗುವುದಿಲ್ಲವೇ? ಕೌದಿಯ ಅಂಚಿಗೆ ಒಂದು ತಟ್ಟೆಯ ಕಂಠವೂ ಕಾಣುತ್ತಿತ್ತು. ಬಿಳಿ ತಟ್ಟೆ, ನೀಲಿ ಹೂವು, ಅದರಲ್ಲಿ ಕಚ್ಚಿದ ಒಂದು ಹೋಳಿಗೆ. ನಮ್ಮ ಮನೆಯಲ್ಲಿ ಇರುವುದೆಲ್ಲ ಸ್ಟೀಲಿನ ತಟ್ಟೆ.

ಆ ಹೊತ್ತಿಗೆ ನನ್ನ ಎಡಗೈ ಬೆರಳುಗಳು ತೊಡೆಯ ಮೇಲಿದ್ದ ಕೌದಿಯ ತೆರೆದ ಮೂಲೆಯೊಳಗೇ ಇದ್ದವು. ಇದನ್ನು ಹೇಗೆ ಹೇಳಲಿ. ಕಣ್ಣಿಗೆ ಮುಚ್ಚಿದ ಮೂಲೆ, ಕೈಗೆ ತೆರೆದ ಮೂಲೆ.

ನೇತ್ರಾ ಎದ್ದು ಬರುವಷ್ಟರಲ್ಲಿ ನನ್ನ ಬೆರಳು ತಾಗಿಯೋ ಏನೋ ಫೋಟೋ ಹೋಗಿ ಮತ್ತೆ ಬೂದಿ ಚೌಕವಾಯಿತು. ಅವಳ ಲ್ಯಾಪ್‌ಟಾಪಿನಲ್ಲಿ ಇನ್ನೂ ಏನೂ ಬಂದಿರಲಿಲ್ಲ. “ನಾನು ಅಭೀ ತಕ್ ಸೇವ್ ಕೂಡ ಮಾಡಿಲ್ಲ ಆಯಿ, ಹೇಗೆ ಬರ್ತದೆ?” ಅಂದಳು. ಹಳದಿ ಬಟ್ಟೆ, ಬಿಳಿ ಚುಕ್ಕಿ ಅಂತ ಹೇಳಿದೆ. ಬೇರೆ ಯಾವುದೋ ಕೌದಿಯ ನಕಲು ಬಂದಿರಬೇಕು, ನಡುವಿನ ಅಂಗಡಿ ಅದಲುಬದಲು ಮಾಡಿರುತ್ತದೆ ಅಂದಳು. ಇರಬಹುದು ಅಂದೆ. ತಟ್ಟೆಯ ವಿಷಯ ಹೇಳಲಿಲ್ಲ, ಅದೊಂದು ಮಾತೇ ಅಂತ ಬಿಟ್ಟೆ. ಆದರೆ ಒಂದು ನಿಜ ಹೇಳಬೇಕು: ಆ ಕ್ಷಣದಿಂದ ಕೌದಿಯನ್ನು ಎಲ್ಲಿ ಬಚ್ಚಿಡಲಿ ಅನ್ನುವ ಯೋಚನೆ ನಿಂತಿತು. ಹೆದರಿಕೆ ಹೋಗಿರಲಿಲ್ಲ, ಆದರೆ ಬೇರೆ ತರದ ಹೆದರಿಕೆಯಾಗಿತ್ತು.

ಸ್ವಲ್ಪ ಹೊತ್ತಿಗೆ ಮಲ್ಲುವಿನ ಫೋನ್ ಬಂತು. ಅವನ ಮಾತಿಗಿಂತ ಮೊದಲು ಕೂಸಿನ ಅಳು ಕೇಳಿಸಿತು. ನಾನೂ ಅತ್ತೆ, ನೇತ್ರಾನೂ ಅತ್ತಳು, ಆ ಕಡೆ ಮಲ್ಲುವೂ ಅತ್ತ. “ಹೆಣ್ಣ ಕೂಸವ್ವಾ! ಇಬ್ರೂ ಆರಾಮ ಅದಾರ” ಅಂತ ಹೇಳಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಬಾಗಿಲು ತೆರೆದು ಚಾಳಿಗೆಲ್ಲ ಕೇಳಿಸುವ ಹಾಗೆ ನಾನೇ ಕೂಗಿ ಹೇಳಿದೆ. ಪಕ್ಕದ ಖೋಲಿಯ ಹೆಂಗಸು, ನಾವೆಲ್ಲ ಮೌಶಿ ಅನ್ನುವವಳು, ಸಕ್ಕರೆ ಡಬ್ಬಿ ಹಿಡಿದು ಓಡಿಬಂದು ನನ್ನ ಬಾಯಿಗೆ ಒಂದು ಮುಷ್ಟಿ ತುರುಕಿದಳು. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಸುಮ್ಮನೆ ನುಂಗಿದೆ.

ಸಂಜೆಯೊಳಗೆ ನೇತ್ರಾ ಎಲ್ಲ ಫೋಟೋಗಳನ್ನೂ ವಾಪಸು ತಂದಳು. ಕೂಸಿನ ಕೌದಿಯೂ ಬಂತು, ಮೂಲೆ ತೆರೆದಿತ್ತು. ಉಳಿದ ಕೌದಿಗಳನ್ನು ಒಂದೊಂದಾಗಿ ಇಬ್ಬರೂ ಕೂತು ನೋಡಿದೆವು. ಹಳದಿ ಬಟ್ಟೆ ಬಿಳಿ ಚುಕ್ಕಿ ಯಾವುದರಲ್ಲೂ ಇರಲಿಲ್ಲ.

ಸವಿತಾ ಮನೆಗೆ ಬಂದ ದಿನ ನಾನು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ರಿಕ್ಷಾದಿಂದ ಮಲ್ಲು ಇಳಿದ, ಆಮೇಲೆ ಕೂಸನ್ನು ಎತ್ತಿಕೊಂಡು ಸವಿತಾ ಇಳಿದಳು. ನನ್ನ ಪಕ್ಕದಲ್ಲಿದ್ದ ನೇತ್ರಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಕೂಸನ್ನು ಸುತ್ತಿದ್ದ ಬಟ್ಟೆ ಹಳದಿ. ಅದರ ಮೇಲೆ ಬಿಳಿ ಚುಕ್ಕಿ.

ನಾನು ಆರತಿ ಮಾಡಿದೆ. ಒಳಗೆ ಬಂದ ಮೇಲೆ ಮಲ್ಲು ತಾನೇ ಹೇಳಿದ. ಕೂಸಿಗಂತ ನಾವು ಬಟ್ಟೆ ಕಟ್ಟಿ ಕಳಿಸಿರಲಿಲ್ಲವಲ್ಲ, ನರ್ಸ್ ಹೊರಗೆ ಬಂದು ಮೆತ್ತನೆಯ ಹಳೆಯ ಬಟ್ಟೆ ಕೇಳಿದಾಗ ಇವನ ಕೈಯಲ್ಲಿ ಏನೂ ಇರಲಿಲ್ಲ. “ಬಾಪ್ ಹೋ ಯಾ ಬಾರಾತಿ?” ಅಂತ, ಅಪ್ಪನೋ ಮದುವೆ ದಿಬ್ಬಣಕ್ಕೆ ಬಂದವನೋ ಅನ್ನುವ ಹಾಗೆ, ಬೈದಳಂತೆ. ಪಕ್ಕದ ಬೆಂಚಿನ ಮೇಲೆ ಕೂತಿದ್ದ, ಹೆಸರೂ ಗೊತ್ತಿಲ್ಲದ ಒಬ್ಬ ಹೆಣ್ಣುಮಗಳು ತನ್ನ ಚೀಲದಿಂದ ಒಗೆದ ಈ ಹಳೆಯ ಓಢಣಿ, ದುಪಟ್ಟಾ ಅಂತಾರಲ್ಲ ಅದು, ತೆಗೆದು ಕೊಟ್ಟಳಂತೆ. ವಾಪಸು ಕೊಡಲು ಹುಡುಕಿದರೆ ಅವಳು ಆಗಲೇ ಹೋಗಿಬಿಟ್ಟಿದ್ದಳು.

ನೇತ್ರಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅವಳು ಇನ್ನೂ ಲೆಕ್ಕ ಹಾಕುತ್ತಿದ್ದಾಳೆ. ಮೊಬೈಲನ್ನು ನಾನೇ ಖಾಲಿ ಮಾಡಿದ್ದೆ, ಆ ಅಂಗಡಿ ಹಳೆಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಆಗದೇ ಇದ್ದದ್ದನ್ನು ಎಲ್ಲಿಂದ ತರುತ್ತದೆ ಅನ್ನುತ್ತಾಳೆ. ನನ್ನ ಕಣ್ಣಿನ ಪೊರೆ, ಕಿಟಕಿಯ ಬಿಸಿಲು, ಅಂಜಿಕೆಯ ಮನಸ್ಸು, ಎಲ್ಲದರ ಮೇಲೂ ಸಂಶಯ ಪಟ್ಟಿದ್ದೇನೆ. ಯಾವುದನ್ನು ಹಿಡಿದರೂ ಆ ಚುಕ್ಕಿಗಳು ಉಳಿದುಬಿಡುತ್ತವೆ.

ಅವತ್ತೇ ಸಂಜೆ ಓಢಣಿಯ ಅಂಚಿನಿಂದ ಚೂರು ಕತ್ತರಿಸಿ, ಹೋಳಿಗೆಯ ತುಣುಕು ಒಳಗಿಟ್ಟು, ಮೂಲೆ ಹೊಲಿದೆ. ಕೂಸನ್ನು ಕೌದಿಯ ಪಕ್ಕ ಸವಿತಾ ಮಲಗಿಸಿಕೊಂಡಳು. ಸುತ್ತ ನಾವೆಲ್ಲ ಉಣ್ಣಲು ಕೂತೆವು. ಬೊರಿವಲಿಯಿಂದ ಶಾಂತಾ, ಅವಳ ಗಂಡ ಬಂದಿದ್ದರು, ಮೌಶಿಯನ್ನೂ ಬಿಡಲಿಲ್ಲ. ಮನೆಯ ತಟ್ಟೆ ಸಾಲದೆ ನನಗೆ ಇಲ್ಲದಾಯಿತು ಅಂತ ಮೌಶಿ ತನ್ನ ಖೋಲಿಯಿಂದ ಒಂದು ತಂದಿಟ್ಟಳು. ನಾನು ಗಮನಿಸಲಿಲ್ಲ, ಮಾತಿನ ಗದ್ದಲದಲ್ಲಿ ಹೋಳಿಗೆ ಮುರಿಯದೆ ಹಾಗೇ ಒಂದು ಸಲ ಕಚ್ಚಿ ಇಟ್ಟೆ.

“ರುಕೋ ರುಕೋ, ಬ್ಲಾಗಿಗೆ ಫೋಟೋ” ಅಂತ ನೇತ್ರಾ ಎದ್ದು ನಿಂತು ಮೊಬೈಲ್ ಹಿಡಿದಳು. ಕೌದಿ ಚೆಂದ ಕಾಣಲಿ ಅಂತ ಅದರ ಅಂಚಿಗೆ ತಾಗಿದ್ದ ನನ್ನ ತಟ್ಟೆಯನ್ನು ಸರಿಸಲು ಕೈ ಹಾಕಿದೆ. ಆಗ ನೋಡಿದೆ. ಬಿಳಿ ತಟ್ಟೆ, ಕಂಠಕ್ಕೆ ನೀಲಿ ಹೂವು, ಅದರಲ್ಲಿ ಕಚ್ಚಿದ ಹೋಳಿಗೆ.

ಕೈ ಹಿಂದಕ್ಕೆ ತೆಗೆದೆ. ಸರಿಸಲಿಲ್ಲ. ಸರಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ. ಆ ಫೋಟೋ ಈಗ ಬ್ಲಾಗಿನಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು. ಅದನ್ನು ನೀನು ಮೊದಲ ಸಲ ನೋಡಿದ್ದು ಯಾವಾಗ ಅಂತ ಕೇಳಿದರೆ ಮಾತ್ರ, ಕೂಸು ಹುಟ್ಟುವ ಮೊದಲು ಅನ್ನಬೇಕಾಗುತ್ತದೆ.

“ಅವ್ವಾ, ಉಣ್ಣಲಾರ್ದ ಏನ್ ನೋಡಾಕತ್ತಿ? ಹೋಳಿಗಿ ಆರಾಕತ್ಯಾವ” ಅಂದ ಮಲ್ಲು. ಕೂಸು ಎಚ್ಚರಾಗಿ ಅಳಲು ಶುರುಮಾಡಿತು. ಸವಿತಾ ಒಂದು ಕೈಯಿಂದ ಕೂಸನ್ನು ತಟ್ಟುತ್ತಾ ಇನ್ನೊಂದು ಕೈಯಿಂದ ನನ್ನ ತಟ್ಟೆಗೆ ತುಪ್ಪ ಬಡಿಸಿದಳು. ಕಚ್ಚಿ ಇಟ್ಟ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ, ಎಲ್ಲರ ಜೊತೆ ಉಂಡೆ.